ಅರ್ಧ ಗಂಟೆಗೆ ನಿಲ್ಲುವ ಹಳೇ ಮ್ಯಾಸಿ: ಪಂಪ್ ಬಿಚ್ಚುವ ಮೊದಲು ನೋಡಿದ್ದು

ಗಾಡಿ ಮ್ಯಾಸಿ ಫರ್ಗೂಸನ್ 1035 ಟ್ರ್ಯಾಕ್ಟರ್, 1994ರ ಮಾಡೆಲ್. ಮೂರು ಸಿಲಿಂಡರಿನ ಸಿಂಪ್ಸನ್ ಎಂಜಿನ್, ಸಿಲಿಂಡರಿಗೆ ಸ್ಪ್ರೇ ಮಾಡುವ ನಾಜಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ರೋಟರಿ ಪಂಪ್. ಬಾರ್ಕೂರು ಕಡೆಯ ನಮ್ಮ ಬೈಲು ಗದ್ದೆಗೂ ಅಕ್ಕಪಕ್ಕದ ನಾಲ್ಕಾರು ಮನೆಯವರ ಗದ್ದೆಗೂ ಮಳೆಗಾಲದ ಕಾರ್ತಿ ಬೆಳೆಯ ಹೂಟೆ ಇದರಲ್ಲೇ ಆಗುವುದು. ಓಡಿಸುವುದು ಭಾವ, ಸ್ಪ್ಯಾನರ್ ಹಿಡಿಯುವುದು ನಾನು.

ತೊಂದರೆ ಇಷ್ಟು. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಕೆಸರಿಗೆ ಅಂತ ಕಬ್ಬಿಣದ ಕೇಜ್ ವೀಲ್ ಹಾಕಿ ಗದ್ದೆಗೆ ಇಳಿಸಿದರೆ ಇಪ್ಪತ್ತು, ಇಪ್ಪತ್ತೈದು ನಿಮಿಷ ಚೆನ್ನಾಗಿ ಹೋಗುತ್ತದೆ. ಆಮೇಲೆ ಎಳೆತ ಕಡಿಮೆ. ಮಿಸ್ ಹೊಡೆಯುತ್ತದೆ, ಬಿಳಿ ಹೊಗೆ ಬರುತ್ತದೆ, ಕೊನೆಗೆ ಆಫ್. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗದವರ ಹಾಗೆ ಮತ್ತೆ ಸ್ಟಾರ್ಟ್.

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು, ಪಂಪ್ ಹೋಗಿದೆ ಅಂತ. ಉಡುಪಿಯ ಪಂಪ್ ಅಂಗಡಿಯಲ್ಲಿ ವಿಚಾರಿಸಿದರೆ 14,000 ರೂಪಾಯಿ, ಅದೂ ಒಂದು ವಾರ ಬಿಟ್ಟು ಸಿಗುವುದು. ಮಳೆಗಾಲ ಶುರುವಾಗುವ ಹೊತ್ತಿಗೆ ಅವರಲ್ಲಿ ಟಿಲ್ಲರ್, ಟ್ರ್ಯಾಕ್ಟರ್ ಪಂಪುಗಳ ಸಾಲೇ ಇರುತ್ತದೆ. ನಮಗೆ ಕಾಯುವ ಹಾಗಿರಲಿಲ್ಲ. ಯಂತ್ರ ನಾಟಿಗೆ ಅಂತ ಎಂಒ4 ತಳಿ ಭತ್ತದ ಚಾಪೆ ನೇಜಿ (ಚಾಪೆಯ ಹಾಗೆ ಬೆಳೆಸುವ ಸಸಿ) ಹಾಕಿ ಆಗಿತ್ತು. ಹದಿನೈದರಿಂದ ಇಪ್ಪತ್ತು ದಿನದೊಳಗೆ ಅದು ಗದ್ದೆಗೆ ಹೋಗಬೇಕು. ಬಲಿತರೆ ಬೇರು ಹೆಣೆದುಕೊಂಡು ಯಂತ್ರದಲ್ಲಿ ಸರಿಯಾಗಿ ಬಿಡಿಸಿ ಬರುವುದಿಲ್ಲ.

ಜೂನ್ 1: ಮೆಕ್ಯಾನಿಕ್ ಬಂದು ಹೋದದ್ದು

ಎರಡೂ ಡೀಸೆಲ್ ಫಿಲ್ಟರ್ ಬದಲಾಯಿಸಿದರು. ಫಿಲ್ಟರ್ 420, ಕೂಲಿ 500. ಅಂಗಳದಲ್ಲಿ ಕಾಲು ಗಂಟೆ ಓಡಿತು, ಅವರು ಹೋದರು. ಗದ್ದೆಗೆ ಇಳಿಸಿದ ಮೇಲೆ ಮತ್ತೆ ಅದೇ ಕತೆ. ಫೋನ್ ಮಾಡಿದರೆ, "ಹಾಗಾದ್ರೆ ಪಂಪೇ ಮಾರಾಯ್ರೆ, ಬಿಸಿಯಾದ ಮೇಲೆ ಪ್ರೆಶರ್ ಬಿಡ್ತಾ ಉಂಟು."

ಅವರ ಮಾತು ಹುಚ್ಚು ಮಾತಲ್ಲ. ರೋಟರಿ ಪಂಪಿನ ಒಳಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದಕ್ಕೆ ಆಯಿಲ್. ಒಳಗೆ ತಿರುಗುವ ರೋಟರ್, ಅದು ಕೂರುವ ಹೆಡ್ಡು ಸವೆದಿದ್ದರೆ, ಪಂಪ್ ಬಿಸಿಯಾಗಿ ಡೀಸೆಲ್ ತೆಳುವಾದಾಗ ಪಕ್ಕದಿಂದ ಸೋರಿ ಪ್ರೆಶರ್ ಬೀಳುತ್ತದೆ. ಆದರೆ ಅಂಥ ಪಂಪ್ ಬಿಸಿ ಇರುವಾಗ ಸ್ಟಾರ್ಟ್ ಆಗಲು ತುಂಬಾ ಸತಾಯಿಸುತ್ತದೆ, ತಣ್ಣಗಾದ ಮೇಲೆ ಆಗುತ್ತದೆ. ನಮ್ಮದು ಹತ್ತೇ ನಿಮಿಷಕ್ಕೆ, ಬಾನೆಟ್ ಮುಟ್ಟಲಿಕ್ಕಾಗದಷ್ಟು ಬಿಸಿ ಇರುವಾಗಲೇ ಸ್ಟಾರ್ಟ್ ಆಗುತ್ತಿತ್ತು. ನನಗೆ ಅನುಮಾನ ಬಂದದ್ದು ಇಲ್ಲಿ.

ಹಳೆಯ ಡ್ರೈವರ್‌ಗಳು ಮಾಡುವ ಒಂದು ಪರೀಕ್ಷೆ ಇದೆ. ಗಾಡಿ ಆಫ್ ಆದ ಕೂಡಲೇ ಪಂಪಿನ ಮೇಲೆ ಒದ್ದೆ ಗೋಣಿ ಹಾಕಿ ತಣಿಸುವುದು. ತಣಿದ ಕೂಡಲೇ ಸ್ಟಾರ್ಟ್ ಆದರೆ ಪಂಪ್ ಸವೆದಿದೆ ಅಂತ ಅರ್ಥ. ಹಾಕಿ ನೋಡಿದೆವು. ಗೋಣಿ ಹಾಕಿದರೂ ಅಷ್ಟೇ ಹೊತ್ತು, ಹಾಕದಿದ್ದರೂ ಅಷ್ಟೇ ಹೊತ್ತು.

ಜೂನ್ 2: ಚಿಲ್ಲರೆ ಸಂಶಯಗಳು

ಎಂಜಿನ್ ಆಯಿಲ್ ಅಳೆಯುವ ಕಡ್ಡಿ ಎಳೆದು ಮೂಸಿ ನೋಡಿದೆ. ಮಟ್ಟ ಏರಿಲ್ಲ, ಡೀಸೆಲ್ ವಾಸನೆ ಇಲ್ಲ. ಟ್ಯಾಂಕಿನಿಂದ ಡೀಸೆಲ್ ಎಳೆದು ಫಿಲ್ಟರಿಗೆ ಕೊಡುವ ಫೀಡ್ ಪಂಪಿನ ಡಯಾಫ್ರಮ್ (ಒಳಗಿನ ಪೊರೆ) ಹರಿದಿದ್ದರೆ ಡೀಸೆಲ್ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಅದಿಲ್ಲ ಅಂತಾಯಿತು. ಏರ್ ಕ್ಲೀನರಿನ ಬಟ್ಟಲಲ್ಲಿ ಅರ್ಧ ಆಯಿಲ್, ಅರ್ಧ ಕೆಸರು. ತೊಳೆದು ಹೊಸ ಆಯಿಲ್ ಗೆರೆವರೆಗೆ ತುಂಬಿಸಿದೆ. ಇದರಿಂದ ಹೊಗೆ ಸ್ವಲ್ಪ ಕಡಿಮೆಯಾಯಿತು. ನಿಲ್ಲುವುದು ನಿಲ್ಲಲಿಲ್ಲ.

ಸ್ಪ್ಯಾನರ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಈ ಎಂಜಿನ್ನಿನ ಹೆಚ್ಚಿನ ನಟ್ಟುಗಳು ಇಂಚಿನ ಅಳತೆಯವು. 7/16 ಇರುವಲ್ಲಿ 11 ಮಿ.ಮೀ. ಸ್ಪ್ಯಾನರ್ ಕೂರುವುದಿಲ್ಲ, ಕೂತರೂ ಬಲವಂತಕ್ಕೆ. 1/2 ಇಂಚಿಗೆ 13 ಹಾಕಿದರೆ ಸಡಿಲ, ಎರಡು ಸಲ ಜಾರಿದರೆ ನಟ್ಟಿನ ಮೂಲೆ ಹೋಯಿತು. 5/8ಕ್ಕೆ ಮಾತ್ರ 16 ಸರಿಯಾಗಿ ಕೂರುತ್ತದೆ. ನಮ್ಮ ಗಾಡಿಯ ನಾಜಲ್ ಪೈಪಿನ ನಟ್ಟುಗಳು ಆಗಲೇ ಅರ್ಧ ಉರುಟಾಗಿದ್ದವು. ಯಾರೋ ಹಿಂದಿನವರ ಪ್ರಸಾದ. ಒಂದು ಇಂಚಿನ ಸೆಟ್ ಇಲ್ಲದೆ ಹಳೇ ಮ್ಯಾಸಿಗೆ ಕೈ ಹಾಕಲೇಬೇಡಿ.

ಜೂನ್ 3: ಕ್ಯಾನ್ ಕಟ್ಟಿದ್ದು

ಇದು ಇಡೀ ಕೆಲಸದಲ್ಲಿ ಅತಿ ಅಗ್ಗದ ಪರೀಕ್ಷೆ, ಮತ್ತು 14,000 ಉಳಿಸಿದ್ದೂ ಇದೇ. ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನಿನಲ್ಲಿ ಹೊಸ ಡೀಸೆಲ್ ತುಂಬಿಸಿದೆವು. ಟ್ಯಾಂಕಿನಿಂದ ಫೀಡ್ ಪಂಪಿಗೆ ಬರುವ ಪೈಪ್ ಕಳಚಿ, ಅಲ್ಲಿಗೆ 8 ಮಿ.ಮೀ. ಪಾರದರ್ಶಕ ಪೈಪ್ ಹಾಕಿ ಕ್ಲಿಪ್ ಬಿಗಿದು, ಇನ್ನೊಂದು ತುದಿ ಕ್ಯಾನಿನ ತಳದವರೆಗೆ ಇಳಿಸಿದೆ. ಕ್ಯಾನನ್ನು ಬಾನೆಟ್ ಮೇಲೆ ಸೈಕಲ್ ಟ್ಯೂಬಿನಿಂದ ಕಟ್ಟಿದೆವು. ಸೈಲೆನ್ಸರಿನಿಂದ ದೂರ, ಪೈಪ್ ಫ್ಯಾನಿಗೆ ತಾಗದ ಹಾಗೆ. ಕ್ಯಾನಿನ ಬಾಯಿ ಗಾಳಿ ಆಡುವಷ್ಟು ತೆರೆದಿರಬೇಕು, ಅದಕ್ಕೆ ಬಟ್ಟೆ ಸುತ್ತಿದ್ದು.

ಈಗ ಟ್ಯಾಂಕು, ಮುಚ್ಚಳ, ಟ್ಯಾಂಕಿನ ಅಡಿಯ ಕಾಕ್ (ಡೀಸೆಲ್ ನಲ್ಲಿ), ಹಳೇ ಪೈಪ್ ಎಲ್ಲ ಆಟದಿಂದ ಹೊರಗೆ. ಉಳಿದದ್ದು ಫೀಡ್ ಪಂಪ್, ಫಿಲ್ಟರ್, ಪಂಪ್, ನಾಜಲ್. ಡೀಸೆಲ್ ಲೈನಿನೊಳಗಿನ ಏರ್ ತೆಗೆದು ಸ್ಟಾರ್ಟ್ ಮಾಡಿ ಭಾವ ಗದ್ದೆಗೆ ಇಳಿಸಿದರು. ಅರ್ಧ ಗಂಟೆ ದಾಟಿತು. ಕ್ಯಾನ್ ಖಾಲಿಯಾಗುತ್ತಾ ಬರುವವರೆಗೆ, ಅಂದರೆ ಮುಕ್ಕಾಲು ಗಂಟೆಗೂ ಮೇಲೆ, ಒಂದು ಸಲವೂ ಮಿಸ್ ಇಲ್ಲ. ಎಂಜಿನ್ ಪೂರ್ತಿ ಬಿಸಿ, ಪಂಪ್ ಪೂರ್ತಿ ಬಿಸಿ. ಪಂಪಿನ ಮೇಲಿದ್ದ ಅಪವಾದ ಅಲ್ಲಿಗೆ ಮುಗಿಯಿತು.

ಭಾವನಿಗೆ ಸಿಟ್ಟು. "ಮೊದಲೇ ಇದು ಮಾಡ್ಬಾರ್ದಿತ್ತಾ?" ಮಾಡಬಹುದಿತ್ತು. ಆದರೆ ಇಡೀ ಊರು ಪಂಪ್ ಪಂಪ್ ಅನ್ನುವಾಗ ಟ್ಯಾಂಕ್ ಕಡೆ ಯಾರು ನೋಡುತ್ತಾರೆ ಹೇಳಿ.

ಅದೇ ದಿನ ಸಂಜೆ: ಮುಚ್ಚಳ

ಹಳೇ ಪೈಪಿನ ತುದಿಯನ್ನು ಬಕೆಟಿಗೆ ಬಿಟ್ಟು, ಟ್ಯಾಂಕಿನ ಮುಚ್ಚಳ ಗಟ್ಟಿ ಹಾಕಿ, ಕಾಕ್ ತೆರೆದೆ. ಮೊದಲು ಸಾಧಾರಣ ಧಾರೆ. ಒಂದೂವರೆ ಲೀಟರ್ ಹೋಗುವಷ್ಟರಲ್ಲಿ ನೂಲಿನಷ್ಟಾಯಿತು, ಆಮೇಲೆ ತೊಟ್ಟು ತೊಟ್ಟು. ಮುಚ್ಚಳ ತಿರುಗಿಸಿದ ಕೂಡಲೇ ಉಸ್ ಅಂತ ಗಾಳಿ ಒಳಗೆ ಹೋಯಿತು. ಧಾರೆ ಮತ್ತೆ ಶುರು.

ಆಗ ಭಾವನ ಇನ್ನೊಂದು ಮಾತು ಹೊರಗೆ ಬಂತು. ಗದ್ದೆಯಲ್ಲಿ ಗಾಡಿ ನಿಂತಾಗಲೆಲ್ಲ ಅವರು ಮೊದಲು ಮಾಡುವ ಕೆಲಸ ಅಂದರೆ ಮುಚ್ಚಳ ತೆಗೆದು ಕೋಲು ಇಳಿಸಿ ಡೀಸೆಲ್ ಎಷ್ಟಿದೆ ನೋಡುವುದು. ಗೊತ್ತಿಲ್ಲದೆಯೇ ಪ್ರತಿ ಸಲ ರಿಪೇರಿ ಮಾಡುತ್ತಿದ್ದರು! ಹತ್ತು ನಿಮಿಷದ ವಿಶ್ರಾಂತಿಗೂ ಸ್ಟಾರ್ಟ್ ಆಗುವುದಕ್ಕೂ ಸಂಬಂಧವೇ ಇರಲಿಲ್ಲ. ಟ್ಯಾಂಕ್ ಫುಲ್ ಮಾಡಿದ ದಿನ ಗಾಡಿ ಬೇಗ ನಿಂತದ್ದೂ ಈಗ ಅರ್ಥವಾಯಿತು. ಟ್ಯಾಂಕಿನಲ್ಲಿ ಮೇಲೆ ಗಾಳಿ ಕಡಿಮೆ ಇದ್ದರೆ, ಸ್ವಲ್ಪ ಡೀಸೆಲ್ ಇಳಿದರೂ ಸಾಕು, ಒಳಗೆ ಎಳೆತ ಬಿದ್ದು ಹರಿವು ಕಟ್ಟುತ್ತದೆ.

ಮುಚ್ಚಳ ತಿರುಗಿಸಿ ನೋಡಿದರೆ ಗಾಳಿ ಹೋಗುವ ಸಣ್ಣ ತೂತಿನಲ್ಲಿ ಗಟ್ಟಿ ಕೆಂಪು ಮಣ್ಣು. ಮಣ್ಣಿನ ಗೂಡು ಕಟ್ಟುವ ಕಣಜದ ಕೆಲಸ. ಸುಗ್ಗಿ ಮುಗಿದ ಮೇಲೆ ಗಾಡಿ ಕೊಟ್ಟಿಗೆಯಲ್ಲಿ ಸುಮ್ನೆ ನಿಂತಿತ್ತಲ್ಲ, ಅದಕ್ಕೆ ಸಿಕ್ಕಿದ ರೆಡಿಮೇಡ್ ಮನೆ. ಗೋಣಿ ಹೊಲಿಯುವ ಸೂಜಿಯಿಂದ ಕುಕ್ಕಿ, ಮುಚ್ಚಳವನ್ನು ರಾತ್ರಿ ಇಡೀ ಡೀಸೆಲ್‌ನಲ್ಲಿ ನೆನೆಸಿ, ಬೆಳಿಗ್ಗೆ ಬಾಯಿಂದ ಊದಿ ನೋಡಿದೆ. ಗಾಳಿ ಆರಾಮಾಗಿ ಹೋಗುತ್ತದೆ. ಖರ್ಚು ಸೊನ್ನೆ.

ಜೂನ್ 4: ಟ್ಯಾಂಕ್ ಇಳಿಸಿದ್ದು

ಇಲ್ಲಿಗೆ ಬಿಡಬಹುದಿತ್ತು. ಆದರೆ ಮುಚ್ಚಳ ಪೂರ್ತಿ ತೆಗೆದಿಟ್ಟು ಅಳೆದಾಗಲೂ ಧಾರೆ ಬಡಕಲಾಗಿತ್ತು. ಅರ್ಧ ಲೀಟರ್ ಬಾಟಲಿ ತುಂಬಲು ನಾಲ್ಕು ನಿಮಿಷದ ಹತ್ತಿರ. ಅಂದರೆ ಗಂಟೆಗೆ ಏಳೂವರೆ ಲೀಟರ್. ಕೆಸರು ಉಳುಮೆಗೆ ಈ ಗಾಡಿ ಗಂಟೆಗೆ ಐದಾರು ಲೀಟರ್ ಕುಡಿಯುತ್ತದೆ. ಕಟ್ಟಾಕಟ್ಟಿ. ಇನ್ನು ಸ್ವಲ್ಪ ಕಟ್ಟಿಕೊಂಡರೆ ನಾಟಿಯ ನಡುವೆ ಮತ್ತೆ ಇದೇ ಗೋಳು.

ಟ್ಯಾಂಕಿನಲ್ಲಿ ಇದ್ದದ್ದನ್ನು ಕ್ಯಾನುಗಳಿಗೆ ಇಳಿಸಿದೆವು. ಕೊನೆಯ ಒಂದು ಲೀಟರನ್ನು ಗಾಜಿನ ಬಾಟಲಿಗೆ ಹಿಡಿದು ಇಟ್ಟೆ. ಸ್ವಲ್ಪ ಹೊತ್ತಿಗೆ ಅಡಿಯಲ್ಲಿ ಎರಡು ಬೆರಳು ನೀರು, ನೀರಿಗೂ ಡೀಸೆಲ್‌ಗೂ ನಡುವೆ ಕಂದು ಬಣ್ಣದ ಲೋಳೆ. ಕರಾವಳಿಯ ಗಾಳಿಯಲ್ಲಿ ಎಷ್ಟು ನೀರಿದೆ ಅಂತ ಯಾರಿಗೂ ಹೇಳಬೇಕಿಲ್ಲ. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿ ಆ ತೇವ ಬೆವರಿನಂತೆ ಗೋಡೆಗೆ ಕೂತು ಅಡಿಗೆ ಇಳಿಯುತ್ತದೆ. ನೀರು ಇರುವಲ್ಲಿ ಲೋಳೆ ಬೆಳೆಯುತ್ತದೆ.

ಕಾಕ್ ಬಿಚ್ಚಿದಾಗ ಅದರ ತಲೆಯ ಮೇಲಿನ ಹಿತ್ತಾಳೆ ಜಾಲರಿ ಕಾಣಲೇ ಇಲ್ಲ, ಪೂರ್ತಿ ಲೋಳೆ. ಹಳೇ ಟೂತ್ ಬ್ರಷ್, ಡೀಸೆಲ್, ಹತ್ತು ನಿಮಿಷ. ಟ್ಯಾಂಕಿನ ಒಳಗೆ ಎರಡು ಲೀಟರ್ ಡೀಸೆಲ್ ಹಾಕಿ ಕುಲುಕಿ ಚೆಲ್ಲಿ, ಮತ್ತೆ ಎರಡು ಲೀಟರ್ ಹಾಕಿ ಕುಲುಕಿದೆವು. ನೀರಿನಿಂದ ತೊಳೆದು ಬಿಸಿಲಿಗಿಡಿ ಅಂತ ಒಬ್ಬರು ಸಲಹೆ ಕೊಟ್ಟರು. ಜೂನ್‌ನಲ್ಲಿ ಬಿಸಿಲು! ಒಳಗೆ ಉಳಿದ ನೀರು ರೋಟರಿ ಪಂಪಿಗೆ ಹೋದರೆ ಆಗ ನಿಜವಾಗಿಯೂ 14,000.

ಕಾಕ್ ವಾಪಸ್ ಹಾಕುವಾಗ ಹಳೇ ಫೈಬರ್ ವಾಷರ್ರೇ ಹಾಕಿದ್ದು, ಅದು ಜಿನುಗಿತು. ಇನ್ನಷ್ಟು ಬಿಗಿದರೂ ಜಿನುಗಿತು. ಬ್ರಹ್ಮಾವರಕ್ಕೆ ಹೋಗಿ ಹೊಸದು ತಂದ ಮೇಲೆ ನಿಂತಿತು. ತಾಮ್ರದ ವಾಷರ್‌ಗಳನ್ನೂ ಸೇರಿಸಿ 120 ರೂಪಾಯಿ. ಕಾಕ್‌ನಿಂದ ಫೀಡ್ ಪಂಪಿಗೆ ಬರುವ ರಬ್ಬರ್ ಪೈಪನ್ನು ಮಡಚಿ ನೋಡಿದರೆ ಕ್ಲಿಪ್ಪಿನ ಹತ್ತಿರ ಕೂದಲೆಳೆಯ ಬಿರುಕುಗಳು. ಗಾಡಿ ನಿಂತಿರುವಾಗ ಅಲ್ಲಿ ಡೀಸೆಲ್ ಪಸೆ, ಎಂಜಿನ್ ಎಳೆಯುವಾಗ ಅಲ್ಲಿಂದಲೇ ಗಾಳಿ ಒಳಗೆ. ಮಿಸ್ ಹೊಡೆಯುತ್ತಿದ್ದುದೂ ಬಿಳಿ ಹೊಗೆಯೂ ಇದರಿಂದಲೇ. ಪರೀಕ್ಷೆಗೆ ಬಳಸಿದ ಪಾರದರ್ಶಕ ಪೈಪನ್ನು ಅಲ್ಲೇ ಬಿಡಬೇಡಿ, ಎಂಜಿನ್ ಬಿಸಿಗೆ ಅದು ಮೆತ್ತಗಾಗುತ್ತದೆ. ಡೀಸೆಲ್ ತಡೆಯುವ ನೂಲಿನ ರಬ್ಬರ್ ಪೈಪ್ ಒಂದೂವರೆ ಮೀಟರ್ 150, ನಾಲ್ಕು ಕ್ಲಿಪ್ 80.

ಈಗ ಅರ್ಧ ಲೀಟರಿಗೆ 25 ಸೆಕೆಂಡು.

ಏರ್ ತೆಗೆದದ್ದು

ಇದನ್ನು ವಿವರವಾಗಿ ಬರೆಯುತ್ತೇನೆ. ಎಷ್ಟೋ ಗಾಡಿ ರಿಪೇರಿಯಾದ ಮೇಲೂ ಸ್ಟಾರ್ಟ್ ಆಗದೆ ಬ್ಯಾಟರಿ ಮುಗಿಸುವುದು ಇಲ್ಲೇ.

ಮೊದಲು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಫೀಡ್ ಪಂಪಿನ ಕೈಯ ಲಿವರ್ ಹೊಡೆಯುವುದು. ನಮ್ಮ ಲಿವರ್ ಲಡಬಡ ಅಂತ ಸುಮ್ನೆ ಅಲುಗಾಡುತ್ತಿತ್ತು, ಒತ್ತಡವೇ ಇಲ್ಲ. ಫೀಡ್ ಪಂಪ್ ಕೆಟ್ಟಿದೆ ಅಂತ ಗಾಬರಿ ಬೇಡ. ಒಳಗಿನ ಕ್ಯಾಮ್ ಎತ್ತಿ ಹಿಡಿದ ಜಾಗದಲ್ಲಿ ಎಂಜಿನ್ ನಿಂತಿದ್ದರೆ ಹೀಗಾಗುತ್ತದೆ. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿದರೆ ಲಿವರಿಗೆ ಹಿಡಿತ ಸಿಗುತ್ತದೆ. ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಹೊಡೆದು ಸ್ಕ್ರೂ ಬಿಗಿಯಬೇಕು. ಎರಡನೇ ಫಿಲ್ಟರಿಗೂ ಹಾಗೆಯೇ.

ಆಮೇಲೆ ಪಂಪಿನಲ್ಲಿ ಎರಡು ಸ್ಕ್ರೂ. ಒಂದು ಪಕ್ಕದಲ್ಲಿ ಕೆಳಗೆ, ಇನ್ನೊಂದು ಮೇಲೆ ಗವರ್ನರ್ ಕವರಿನಲ್ಲಿ. ಎರಡೂ ಸಡಿಲಿಸಿ ಲಿವರ್ ಹೊಡೆದು, ಗುಳ್ಳೆ ಹೋದ ಮೇಲೆ ಮೊದಲು ಕೆಳಗಿನದು, ಆಮೇಲೆ ಮೇಲಿನದು ಬಿಗಿಯುವುದು. ಕೊನೆಗೆ ನಾಜಲ್ ಹತ್ತಿರದ ಪೈಪ್ ನಟ್ಟುಗಳಲ್ಲಿ ಎರಡನ್ನು ಒಂದು ಸುತ್ತು ಸಡಿಲಿಸಿ, ಆಫ್ ಮಾಡುವ ನಾಬ್ ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರ್ ಫುಲ್ ಇಟ್ಟು ಸೆಲ್ಫ್. ಹತ್ತು ಸೆಕೆಂಡಿಗಿಂತ ಜಾಸ್ತಿ ಒಟ್ಟಿಗೆ ಹೊಡೆಯಬೇಡಿ, ನಡುವೆ ಸೆಲ್ಫ್ ತಣಿಯಲಿ. ಡೀಸೆಲ್ ಚಿಮ್ಮಿದ ಕೂಡಲೇ ನಟ್ಟು ಬಿಗಿಯಬೇಕು. ಅಲ್ಲಿಗೆ ಬೆರಳು ಹತ್ತಿರ ತರಬೇಡಿ. ನಾಜಲ್ ಲೈನಿನ ಡೀಸೆಲ್ ಚರ್ಮದೊಳಕ್ಕೇ ನುಗ್ಗುತ್ತದೆ. ಹಾಗೆ ಆದರೆ ಗಾಯ ಸಣ್ಣದು ಕಂಡರೂ ನೇರ ಆಸ್ಪತ್ರೆಗೆ ಹೋಗಬೇಕು. ಲೀಕ್ ಹುಡುಕಲು ಒಂದು ರಟ್ಟಿನ ತುಂಡು ಸಾಕು.

ಜೂನ್ 6: ಉಳಿದ ಕಪ್ಪು ಹೊಗೆ

ಗದ್ದೆಯಲ್ಲಿ ಒಂದು ಗಂಟೆ ನಿಲ್ಲದೆ ಓಡಿತು. ಆದರೆ ಲೋಡ್ ಬಿದ್ದಾಗ ಕಪ್ಪು ಹೊಗೆ, ಐಡಲಿನಲ್ಲಿ ಟಕ್ ಟಕ್ ಸದ್ದು. ಇವು ಮೊದಲೂ ಇದ್ದಿರಬೇಕು, ದೊಡ್ಡ ತೊಂದರೆಯ ಹಿಂದೆ ಅಡಗಿದ್ದವು.

ಐಡಲಿನಲ್ಲಿ ಇಟ್ಟು ನಾಜಲ್ ಪೈಪ್ ನಟ್ಟುಗಳನ್ನು ಒಂದೊಂದಾಗಿ ಬಟ್ಟೆ ಸುತ್ತಿ ಸಡಿಲಿಸಿದೆ. ಒಂದನೆಯದು ಸಡಿಲಿಸಿದರೆ ಎಂಜಿನ್ ಕುಂಟುತ್ತದೆ, ಮೂರನೆಯದಕ್ಕೂ ಹಾಗೆಯೇ. ಎರಡನೆಯದು ಸಡಿಲಿಸಿದರೆ ಕುಂಟುವುದು ಹೆಚ್ಚು ಕಾಣಲಿಲ್ಲ, ಟಕ್ ಟಕ್ ಮಾತ್ರ ಮಾಯ. ಕಳ್ಳ ಅಲ್ಲಿ.

ಮೂರೂ ನಾಜಲ್ ಬಿಚ್ಚಿದೆ. ಎರಡನೆಯದರ ತೂತಿನೊಳಗೆ ಟಾರ್ಚ್ ಬಿಟ್ಟರೆ ತಳದಲ್ಲಿ ಇನ್ನೊಂದು ತಾಮ್ರದ ವಾಷರ್ ಅಂಟಿಕೊಂಡಿತ್ತು. ಹಿಂದೆ ಯಾರೋ ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಕೂರಿಸಿದ್ದಾರೆ. ಎರಡು ವಾಷರ್ ಇದ್ದರೆ ನಾಜಲ್ ತುದಿ ಮೇಲಕ್ಕೆ ಹೋಗಿ ಸ್ಪ್ರೇ ಸರಿಯಾದ ಜಾಗಕ್ಕೆ ಬೀಳುವುದಿಲ್ಲ. ತಂತಿಯ ತುದಿ ಬಗ್ಗಿಸಿ ಎಬ್ಬಿಸಿ ತೆಗೆದೆ.

ಉಡುಪಿಯಲ್ಲಿ ಟೆಸ್ಟ್ ಮಾಡಿಸಿದ್ದು, ನಾಜಲ್ ಒಂದಕ್ಕೆ 100ರಂತೆ 300. ಒಂದನೆಯದು 175 ಪ್ರೆಶರಿನಲ್ಲಿ, ಮೂರನೆಯದು 180ರಲ್ಲಿ ಚೆನ್ನಾಗಿ ಮಂಜಿನ ಹಾಗೆ ಸ್ಪ್ರೇ ಕೊಟ್ಟವು. ಎರಡನೆಯದು 130ರಲ್ಲೇ ತೊಟ್ಟಿಕ್ಕಿತು. ಅದಕ್ಕೆ ಹೊಸ ನಾಜಲ್ ಹಾಕಿ ಉಳಿದವುಗಳಿಗೆ ಸರಿ ಹೊಂದಿಸಿದರು, 950. ಮೂರೂ ಬದಲಾಯಿಸಿ ಅಂದರು. ಚೆನ್ನಾಗಿರುವುದನ್ನು ಯಾಕೆ ಎಸೆಯಬೇಕು ಅಂತ ಬಿಟ್ಟೆ. ವಾಪಸ್ ಹಾಕುವಾಗ ಪ್ರತಿಯೊಂದಕ್ಕೂ ಹೊಸ ತಾಮ್ರದ ವಾಷರ್ ಒಂದೇ ಒಂದು. ಎರಡು ಬದಿಯ ನಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಸಮವಾಗಿ ಬಿಗಿಯಬೇಕು. ಒಂದು ಬದಿ ಪೂರ್ತಿ ಬಿಗಿದರೆ ನಾಜಲ್ ವಾರೆಯಾಗಿ ಕೂತು ಪಕ್ಕದಿಂದ ಕಂಪ್ರೆಶನ್ ಬಿಡುತ್ತದೆ.

ಕವರ್ ಹೇಗೂ ಬಿಚ್ಚಲು ಸುಲಭ ಅಂತ ಟ್ಯಾಪೆಟ್ (ವಾಲ್ವಿನ ಮೇಲಿನ ಸಂದು) ಕೂಡ ನೋಡಿದೆ. ಎಂಜಿನ್ ತಣ್ಣಗಿರುವಾಗ 0.30 ಮಿ.ಮೀ. ಬೇಕು. ಎರಡು ವಾಲ್ವ್ ಸಡಿಲ ಇದ್ದವು, ಸರಿ ಮಾಡಿದೆ.

ಜೂನ್ 8

ಇಡೀ ದಿನ ಉಳುಮೆ. ಟಕ್ ಟಕ್ ಇಲ್ಲ. ಗದ್ದೆಯ ಮೂಲೆಯಲ್ಲಿ ತಿರುಗಿಸುವಾಗ ಒಂದು ಸಲ ಹೊಗೆ ಬಿಡುತ್ತದೆ, ಅಷ್ಟು ವಯಸ್ಸಿಗೆ ಅದು ಇರಲಿ. ಮರುದಿನ ನಾಟಿ ಯಂತ್ರ ಬಂತು.

ಖರ್ಚು: ಮೊದಲ ದಿನದ ಫಿಲ್ಟರ್, ಕೂಲಿ 920. ಪೈಪ್, ಕ್ಲಿಪ್, ವಾಷರ್ 350. ನಾಜಲ್ ಕೆಲಸ 1,250. ಟ್ಯಾಂಕ್ ತೊಳೆದ ಡೀಸೆಲ್ ನಾಲ್ಕು ಲೀಟರ್. ಎಲ್ಲ ಸೇರಿ ಮೂರು ಸಾವಿರದೊಳಗೆ. ಇದರಲ್ಲಿ ಗಾಡಿ ನಿಲ್ಲುವ ತೊಂದರೆಗೆ ಬೇಕಾಗಿದ್ದದ್ದು, ತೊಳೆದ ಡೀಸೆಲ್ ಬಿಟ್ಟರೆ, ಐನೂರೂ ಇಲ್ಲ. ಇಳಿಸಿದ ಹಳೇ ಡೀಸೆಲ್ ಕ್ಯಾನಿನಲ್ಲಿ ಕೂತು ತಿಳಿಯಾಗಿದೆ. ಆದರೂ ಅದನ್ನು ಪಂಪಿಗೆ ಕೊಡುವ ಧೈರ್ಯ ನನಗಿಲ್ಲ, ಬಿಡಿಭಾಗ ತೊಳೆಯಲು ಇಟ್ಟುಕೊಂಡಿದ್ದೇನೆ.

ಮುಂದಿನ ಸಲ ಗಾಡಿ ನಿಲ್ಲಿಸುವಾಗ ಟ್ಯಾಂಕ್ ಫುಲ್ ಮಾಡಿಯೇ ನಿಲ್ಲಿಸುವುದು, ಮುಚ್ಚಳದ ಮೇಲೆ ಸಡಿಲವಾಗಿ ಹತ್ತಿ ಬಟ್ಟೆ ಕಟ್ಟುವುದು. ಹೊಸ ಲೋಳೆ ಕಾಣುತ್ತದಾ ಅಂತ ಕಾಕ್ ಜಾಲರಿಯನ್ನು ನಾಟಿ ಮುಗಿದ ಮೇಲೆ ಇನ್ನೊಮ್ಮೆ ಬಿಚ್ಚಿ ನೋಡಬೇಕು. ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ ಹಳೆಯದೇ ಹಾಕಿದ್ದು, ಹಿಂದಿನ ಮೂಲೆಯಲ್ಲಿ ಆಯಿಲ್ ಪಸೆ ಕಾಣುತ್ತಿದೆ. ಅದಕ್ಕೂ ಆಗಲೇ ಮುಹೂರ್ತ.